ಗಂಡಭೇರುಂಡ ಹಾರಿದ ಬಾನು

ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗಂಡಭೇರುಂಡವು ಹೊಸ ಹಕ್ಕಿಯಲ್ಲ. ನಮ್ಮ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಭೇರುಂಡೇಶ್ವರನ ಕಂಬವು ಸಾವಿರ ವರ್ಷಗಳಿಗೆ ಸಮೀಪವಾಗಿ ನಿಂತಿರುವುದು. ಅದರ ಬುಡದಲ್ಲಿ ಕುಳಿತು ಅಜ್ಜಿ ಕಟ್ಟಿಕೊಟ್ಟ ಬುತ್ತಿಯನ್ನು ಉಂಡವನು ನಾನು. ತರುವಾಯ ಓದಲೆಂದು ಮೈಸೂರಿಗೆ ಹೋದಾಗ ಅರಮನೆಯಲ್ಲಿ ಅದೇ ಹಕ್ಕಿಯನ್ನು ಕಂಡೆನು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿಯೂ ಅದೇ ಇರುವುದು. ಎರಡು ತಲೆ, ಒಂದೇ ಒಡಲು. ಆನೆಯನ್ನೇ ಎತ್ತಿಕೊಂಡು ಹೋಗಬಲ್ಲುದೆಂದು ನಮ್ಮ ಹಿರಿಯರು ಕಲ್ಪಿಸಿದ ಪಕ್ಷಿ. ಕಲ್ಲಿನಲ್ಲಿಯೂ ಕಾಗದದಲ್ಲಿಯೂ ಇರುವ ಈ ಪಕ್ಷಿಯು ಒಂದು ಕಾಲದಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನ ಮೇಲೆ ನಿಜವಾಗಿಯೂ ಹಾರಿತೆಂಬುದು ನನಗೆ ಅರುವತ್ತು ವರ್ಷ ತುಂಬುವವರೆಗೂ ತಿಳಿದಿರಲಿಲ್ಲ.

ನನ್ನ ಮಗನು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಉದ್ಯೋಗದಲ್ಲಿರುವನು. ಅವನ ಮನೆಯಲ್ಲಿ ಎರಡು ತಿಂಗಳು ಇದ್ದು ಬರೋಣವೆಂದು ನಾನೂ ನಮ್ಮಾಕೆಯೂ ಹೋಗಿದ್ದೆವು. ಒಂದು ಮಳೆಯ ಸಂಜೆ ಹತ್ತು ವರ್ಷದ ಮೊಮ್ಮಗನು ಯುದ್ಧವಿಮಾನಗಳ ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟು, “ಅಜ್ಜಾ, ಇದು ನಿಮ್ಮ ಊರಿನ ಬಸ್ಸಿನ ಮೇಲೆ ಇರುವ ಹಕ್ಕಿಯಲ್ಲವೆ?” ಎಂದು ಕೇಳಿದನು. ನೋಡಿದರೆ ಬ್ರಿಟಿಷ್ ವಾಯುಪಡೆಯ ಒಂದು ಲಾಂಛನ. ಮೇಲೆ ಕಿರೀಟ, ಸುತ್ತಲೂ ದುಂಡನೆಯ ಪಟ್ಟಿ, ನಡುವೆ ನಮ್ಮ ಗಂಡಭೇರುಂಡ! ಕೆಳಗೆ, ನ್ಯಾಯವನ್ನು ನಾನು ಕಾಪಾಡುವೆನು ಎಂಬರ್ಥದ ಇಂಗ್ಲಿಷ್ ಮಾತು. ೧೨೯ನೆಯ ವಿಮಾನದಳ, ಅದರ ಹೆಸರು ‘ಮೈಸೂರು ದಳ’.

ಸಂಗತಿ ಇಷ್ಟೆ. ೧೯೪೦ನೆಯ ಇಸವಿಯಲ್ಲಿ ಜರ್ಮನಿಯು ಫ್ರಾನ್ಸನ್ನು ನುಂಗಿ ಇಂಗ್ಲೆಂಡಿನ ಮೇಲೆ ಬಿದ್ದಾಗ, ಕಾಳಗದ ವಿಮಾನಗಳನ್ನು ಕೊಳ್ಳುವುದಕ್ಕಾಗಿ ಎಲ್ಲೆಲ್ಲಿಂದಲೂ ಹಣ ಕೂಡಿಸಲಾಯಿತು. ಐದು ಸಾವಿರ ಪೌಂಡು ಕೊಟ್ಟವರ ಹೆಸರನ್ನು ಒಂದು ಸ್ಪಿಟ್‌ಫೈರ್ ವಿಮಾನಕ್ಕೆ ಇಡುವುದು ಆಗಿನ ಪದ್ಧತಿ. ದೊಡ್ಡ ದಾನ ಮಾಡಿದವರ ಹೆಸರನ್ನು ಒಂದು ದಳಕ್ಕೇ ಇಡುತ್ತಿದ್ದರು. ನಮ್ಮ ದೇಶದ ಸಂಸ್ಥಾನಗಳಲ್ಲಿ ಹೈದರಾಬಾದು, ಬರೋಡ, ಮೈಸೂರುಗಳ ಹೆಸರುಗಳು ಹೀಗೆ ಬ್ರಿಟಿಷ್ ವಿಮಾನದಳಗಳಿಗೆ ಬಂದುವು. ಮೈಸೂರಿನಿಂದ ಹೋದ ಹಣದ ನೆನಪಿಗೆ ೧೯೪೧ನೆಯ ಜೂನ್ ತಿಂಗಳಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡಿನಲ್ಲಿ ಹುಟ್ಟಿದ ದಳವು ಮೈಸೂರು ದಳವಾಯಿತು. ಅದೇ ಬೇಸಗೆಯ ಕೊನೆಯಲ್ಲಿ ಅದು ತೆಂಕಣ ತೀರದ ವೆಸ್ಟ್‌ಹ್ಯಾಂಪ್ನೆಟ್ ಎಂಬ ಬಯಲಿಗೆ ಬಂದು ಇಳಿಯಿತು.

“ವೆಸ್ಟ್‌ಹ್ಯಾಂಪ್ನೆಟ್ ಇಲ್ಲಿಂದ ಒಂದು ಗಂಟೆಯ ದಾರಿ, ಅಪ್ಪಾ” ಎಂದನು ಮಗ. “ಹಾಗಾದರೆ ನಾಳೆಯೇ ಹೊರಡೋಣ” ಎಂದಳು ನಮ್ಮಾಕೆ. ಆಕೆಗೆ ಯುದ್ಧದ ಕಥೆಗಳೆಂದರೆ ಅಷ್ಟಕ್ಕಷ್ಟೆ. ಆದರೆ ಊರ ಹೆಸರು ಕೇಳಿದ ಮೇಲೆ ಮನೆಯಲ್ಲಿ ಕುಳಿತಿರುವುದು ಸಾಧ್ಯವೆ?

ಮರುದಿನ ಮಳೆ ಬಿಟ್ಟು ಬಾನು ತೊಳೆದಿಟ್ಟ ತಟ್ಟೆಯಂತಿದ್ದಿತು. ಚಿಚೆಸ್ಟರ್ ಎಂಬುದು ಒಂದು ಪುಟ್ಟ ಹಳೆಯ ಪಟ್ಟಣ. ಅದರ ದೊಡ್ಡ ಇಗರ್ಜಿಯ ಮೊನೆಯು ಬಹುದೂರದಿಂದ ಕಾಣುವುದು. ಫ್ರಾನ್ಸಿನ ಮೇಲಿನಿಂದ ಹಿಂತಿರುಗುತ್ತಿದ್ದ ವೈಮಾನಿಕರಿಗೆ ಆ ಮೊನೆಯನ್ನು ಕಂಡಾಗ ಜೀವ ಮರಳಿ ಬಂದಂತಾಗಿರಬೇಕು. ಪಟ್ಟಣದಿಂದ ಈಶಾನ್ಯಕ್ಕೆ ಎರಡು ಮೈಲಿ ಹೋದರೆ ವೆಸ್ಟ್‌ಹ್ಯಾಂಪ್ನೆಟ್ಟಿನ ಬಯಲು. ಈಗ ಅದನ್ನು ಗುಡ್‌ವುಡ್ ಎನ್ನುವರು. ಉತ್ತರಕ್ಕೆ ಹಸುರು ಹೊದೆದ ಇಳಿಜಾರು ಗುಡ್ಡಗಳು. ದಕ್ಷಿಣಕ್ಕೆ ಗೋಧಿಯ ಹೊಲಗಳು, ಅವುಗಳಾಚೆ ಕಡಲು. ಇದು ಒಬ್ಬ ಡ್ಯೂಕನ ಜಮೀನು. ಹತ್ತಿರದ ಟ್ಯಾಂಗ್ಮಿಯರ್ ವಿಮಾನಠಾಣ್ಯಕ್ಕೆ ಆಪತ್ಕಾಲದ ಇಳಿದಾಣವಾಗಲೆಂದು ಇದನ್ನು ಕೊಟ್ಟಿದ್ದರು. ವಿಮಾನಗಳು ಹುಲ್ಲಿನ ಮೇಲೆಯೇ ಏರುತ್ತಿದ್ದುವು, ಹುಲ್ಲಿನ ಮೇಲೆಯೇ ಇಳಿಯುತ್ತಿದ್ದುವು. ಯುದ್ಧ ಮುಗಿದ ಬಳಿಕ ೧೯೪೮ರಲ್ಲಿ ಬಯಲಿನ ಅಂಚಿನ ದಾರಿಯೇ ಮೋಟಾರು ಪಂದ್ಯಗಳ ವರ್ತುಲವಾಯಿತು. ನಡುವಣ ಹುಲ್ಲು ಮಾತ್ರ ಇಂದಿಗೂ ವಿಮಾನಗಳ ನೆಲವಾಗಿ ಉಳಿದಿದೆ.

ನಾವು ಬೇಲಿಯ ಬಳಿ ನಿಂತಿದ್ದಾಗ ಭಾಗ್ಯವಶಾತ್ ಒಂದು ಸ್ಪಿಟ್‌ಫೈರ್ ಏರಿತು. ಹಣ ಕೊಟ್ಟ ಪ್ರಯಾಣಿಕರನ್ನು ಹಿಂದಿನ ಪೀಠದಲ್ಲಿ ಕೂರಿಸಿಕೊಂಡು ಹಾರುವ ಹಳೆಯ ಯಂತ್ರಗಳು ಇಲ್ಲಿ ಇನ್ನೂ ಇರುವುವು. ಮೊದಲು ಕೆಮ್ಮಿದಂತೆ ಒಂದು ಸದ್ದು. ಆಮೇಲೆ ಎದೆಗೂಡಿನೊಳಗೇ ಮೊಳಗುವ ಗುಡುಗು. ಹುಲ್ಲೆಲ್ಲ ಮಲಗಿತು. ನೋಡುತ್ತಿದ್ದಂತೆ ವಿಮಾನವು ನೆಲವನ್ನು ಬಿಟ್ಟು, ಅಂಡಾಕಾರದ ರೆಕ್ಕೆಗಳನ್ನು ಒಮ್ಮೆ ಓರೆಮಾಡಿ ಕಡಲ ಕಡೆಗೆ ತಿರುಗಿತು. ಮೊಮ್ಮಗನು ಕುಣಿದನು. ನಾನೂ ಕುಣಿಯುತ್ತಿದ್ದೆನೋ ಏನೋ, ವಯಸ್ಸು ತಡೆಯಿತು.

ಈ ಯಂತ್ರವನ್ನು ರಚಿಸಿದವನು ರೆಜಿನಾಲ್ಡ್ ಮಿಚೆಲ್. ೧೯೩೬ನೆಯ ಮಾರ್ಚ್ ೫ರಂದು ಇದು ಮೊದಲ ಬಾರಿ ಹಾರಿತು. ಮರುವರ್ಷವೇ ಮಿಚೆಲನು ಅರ್ಬುದರೋಗದಿಂದ ತೀರಿಕೊಂಡನು. ತನ್ನ ಕೂಸು ದೇಶವನ್ನು ಕಾದುದನ್ನು ಅವನು ಕಾಣಲಿಲ್ಲ. ಮುಂದೆ ಇಂತಹ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದುವು. ನೋಡಲು ಇಷ್ಟು ಚೆಲುವಾದ ವಸ್ತುವು ಕೊಲ್ಲುವ ಸಾಧನವೆಂದರೆ ನಂಬುವುದು ಕಷ್ಟ. ಮೊದಮೊದಲ ಸ್ಪಿಟ್‌ಫೈರಿನ ರೆಕ್ಕೆಗಳಲ್ಲಿ ಎಂಟು ಯಂತ್ರತುಪಾಕಿಗಳು. ಒಂದೊಂದಕ್ಕೆ ಮುನ್ನೂರು ಗುಂಡು. ಗುಂಡಿಯನ್ನು ಒತ್ತಿ ಹಿಡಿದರೆ ಸುಮಾರು ಹದಿನೈದು ಸೆಕೆಂಡುಗಳಲ್ಲಿ ಎಲ್ಲವೂ ಖಾಲಿ. ನಾವು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು! ಅಷ್ಟರೊಳಗೆ ಹಗೆಯ ವಿಮಾನ ಬೀಳಬೇಕು. ಇಲ್ಲವೆ ತಾನು ಬರಿಗೈಯಲ್ಲಿ ಓಡಬೇಕು. ವೈಮಾನಿಕರು ತಿಂಗಳುಗಟ್ಟಲೆ ಕಲಿತುದೂ, ನೆಲದ ಮೇಲಿನ ಕಾರ್ಮಿಕರು ರಾತ್ರಿಯೆಲ್ಲ ದುಡಿದುದೂ ಆ ಹದಿನೈದು ಸೆಕೆಂಡುಗಳಿಗಾಗಿ.

ಇಂತಹ ವಿಮಾನದೊಳಗೆ ಕುಳಿತವರ ವಯಸ್ಸು ಇಪ್ಪತ್ತು, ಇಪ್ಪತ್ತೆರಡು. ನಮ್ಮಲ್ಲಿ ಕಾಲೇಜಿನ ಪರೀಕ್ಷೆಗೆ ಓದುವ ವಯಸ್ಸು. ಬೆಳಗಾಗುವ ಮೊದಲೇ ಎದ್ದು ಹುಲ್ಲಿನ ಮೇಲೆ ಕುರ್ಚಿಗಳನ್ನು ಹಾಕಿಕೊಂಡು ಅವರು ಕಾಯುತ್ತಿದ್ದರು. ಕೆಲವರು ಓದುವರು, ಕೆಲವರು ಚದುರಂಗವಾಡುವರು, ಕೆಲವರು ನಿದ್ದೆಯನ್ನು ನಟಿಸುವರು. ಕಡಲತೀರದುದ್ದಕ್ಕೂ ನಿಲ್ಲಿಸಿದ್ದ ರೇಡಾರ್ ಕಂಬಗಳು ಹಗೆಯ ಬರವನ್ನು ದೂರದಿಂದಲೇ ಹೇಳುತ್ತಿದ್ದುವು. ವಾಯುಪಡೆಯ ಹೆಣ್ಣುಮಕ್ಕಳು ದೊಡ್ಡ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಉದ್ದನೆಯ ಕೋಲುಗಳಿಂದ ಗುರುತುಗಳನ್ನು ಸರಿಸುತ್ತಿದ್ದರು. ಆ ಬಳಿಕ ಟೆಲಿಫೋನು ಗಂಟೆ. ಗಂಟೆ ಬಾರಿಸಿತೆಂದರೆ ಎಲ್ಲರೂ ಓಡಬೇಕು. ಯುದ್ಧ ಮುಗಿದು ಬಹುಕಾಲವಾದ ಮೇಲೆಯೂ ಟೆಲಿಫೋನು ಗಂಟೆಯನ್ನು ಕೇಳಿದರೆ ಹೊಟ್ಟೆ ತೊಳಸುತ್ತಿದ್ದಿತೆಂದು ಬದುಕಿ ಉಳಿದವರಲ್ಲಿ ಕೆಲವರು ಹೇಳಿರುವರು.

೧೯೪೦ನೆಯ ಜುಲೈ ೧೦ರಿಂದ ಅಕ್ಟೋಬರ್ ೩೧ರವರೆಗೆ ನಡೆದುದನ್ನು ಬ್ರಿಟನ್ನಿನ ಕಾಳಗವೆನ್ನುವರು. ಅದರಲ್ಲಿ ಹಾರಿದವರು ಮೂರು ಸಾವಿರಕ್ಕೆ ತುಸು ಕಡಮೆ, ಸತ್ತವರು ೫೪೪. ಇವರೆಲ್ಲ ಇಂಗ್ಲಿಷರೆಂದು ತಿಳಿಯಬಾರದು. ತಮ್ಮ ದೇಶವನ್ನು ಕಳೆದುಕೊಂಡು ಬಂದ ೧೪೫ ಮಂದಿ ಪೋಲಿಷರಿದ್ದರು. ಜೆಕೊಸ್ಲೊವಾಕಿಯದವರು, ನ್ಯೂಜಿಲೆಂಡಿನವರು, ಕೆನಡದವರು, ಬೆಲ್ಜಿಯನ್ನರು ಇದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಭಾರತದಿಂದ ಇಪ್ಪತ್ತನಾಲ್ಕು ತರುಣರು ಬಂದರು. ಅವರಲ್ಲೊಬ್ಬನು ಮಹಿಂದರ್ ಸಿಂಗ್ ಪೂಜಿ. ಅವನು ತಲೆಯ ಪೇಟವನ್ನು ಬಿಡದೆಯೇ ಹರಿಕೇನ್ ವಿಮಾನವನ್ನು ಫ್ರಾನ್ಸಿನ ಮೇಲೆ ಹಾರಿಸಿದನು. ದೀರ್ಘಾಯುವಾಗಿ ಬಾಳಿ ೨೦೧೦ರಲ್ಲಿ ತೀರಿಕೊಂಡನು. ಗ್ರೇವ್ಸೆಂಡ್ ಪಟ್ಟಣದಲ್ಲಿ ಅವನ ಪ್ರತಿಮೆ ಇರುವುದು.

ಮೈಸೂರು ದಳವು ಈ ಬಯಲಿಗೆ ಬರುವ ವೇಳೆಗೆ ಕಾಳಗದ ರೀತಿ ಬದಲಾಗಿದ್ದಿತು. ಮನೆಯನ್ನು ಕಾಯುವ ಯುದ್ಧ ಮುಗಿದು ಹಗೆಯ ಅಂಗಳಕ್ಕೆ ನುಗ್ಗುವ ಯುದ್ಧ ಮೊದಲಾಗಿದ್ದಿತು. ಇದರ ಕಷ್ಟವನ್ನು ಮಗನು ವಿವರಿಸಿದನು. ೧೯೪೦ರಲ್ಲಿ ವಿಮಾನ ಕೆಟ್ಟು ಪ್ಯಾರಾಚೂಟಿನಿಂದ ಇಳಿದವನು ತನ್ನ ನೆಲದ ಮೇಲೆಯೇ ಇಳಿಯುತ್ತಿದ್ದನು. ಯಾವಳೋ ಒಬ್ಬ ರೈತಗಿತ್ತಿ ಕೊಟ್ಟ ಚಹ ಕುಡಿದು ಸಂಜೆಗೆ ಠಾಣ್ಯಕ್ಕೆ ಮರಳುತ್ತಿದ್ದನು. ೧೯೪೧ರಲ್ಲಿ ಹಾಗೆ ಇಳಿದರೆ ಕೆಳಗಿದ್ದುದು ಜರ್ಮನರ ಕೈಯಲ್ಲಿದ್ದ ಫ್ರಾನ್ಸು. ಅದಲ್ಲದೆ ಸ್ಪಿಟ್‌ಫೈರಿನ ಹೊಟ್ಟೆ ಚಿಕ್ಕದು. ಕಡಲು ದಾಟಿಹೋಗಿ ಕಾದಾಡಿ ಮತ್ತೆ ಕಡಲು ದಾಟಲು ಪೆಟ್ರೋಲು ಸಾಲುವುದೇ ಕಷ್ಟ. ಆ ವರ್ಷದ ಲೆಕ್ಕದಲ್ಲಿ ತಾವು ಹೊಡೆದು ಕೆಡವಿದ ಜರ್ಮನರಿಗಿಂತ ಬಹು ಹೆಚ್ಚು ವೈಮಾನಿಕರನ್ನು ಬ್ರಿಟಿಷರು ಕಳೆದುಕೊಂಡರು.

ಬಯಲಿನ ಪಕ್ಕದಲ್ಲಿ ಡಗ್ಲಸ್ ಬೇಡರನ ಕಂಚಿನ ಪ್ರತಿಮೆ ನಿಂತಿದೆ. ೧೯೩೧ರಲ್ಲಿ ವಿಮಾನವೊಂದು ಬಿದ್ದು ಅವನು ಎರಡು ಕಾಲುಗಳನ್ನೂ ಕಳೆದುಕೊಂಡನು. ಕೃತಕ ಕಾಲುಗಳನ್ನು ಕಟ್ಟಿಕೊಂಡು ಮತ್ತೆ ಹಾರಿದನು. ೧೯೪೧ನೆಯ ಆಗಸ್ಟ್ ೯ರಂದು ಫ್ರಾನ್ಸಿನ ಮೇಲೆ ವಿಮಾನದಿಂದ ಧುಮುಕುವಾಗ ಒಂದು ಕಾಲು ಒಳಗೇ ಸಿಕ್ಕಿಕೊಂಡಿತು. ಕಾಲನ್ನು ಬಿಟ್ಟು ಅವನು ಇಳಿದನು, ಸೆರೆಯಾದನು. ಜರ್ಮನರು ದಾರಿ ಬಿಡಲೊಪ್ಪಿ, ಬ್ರಿಟಿಷ್ ವಿಮಾನವೊಂದು ಬದಲಿ ಕಾಲನ್ನು ಪ್ಯಾರಾಚೂಟಿನಲ್ಲಿ ಇಳಿಸಿ ಹೋಯಿತು. ಮೊಮ್ಮಗನಿಗೆ ಈ ಕಥೆ ಬಹಳ ಹಿಡಿಸಿತು. “ಹಾಗಾದರೆ ಅವರು ಸ್ನೇಹಿತರಲ್ಲವೆ, ಅಜ್ಜಾ? ಮತ್ತೆ ಯಾತಕ್ಕೆ ಹೊಡೆದಾಡಿದರು?” ಎಂದು ಕೇಳಿದನು. ನಾನು ಉತ್ತರ ಕೊಡಲಿಲ್ಲ.

ಅವನ ಪ್ರಶ್ನೆ ಮೂರು ಮೈಲಿ ದೂರದ ಟ್ಯಾಂಗ್ಮಿಯರಿನಲ್ಲಿ ಮತ್ತೆ ಎದುರಾಯಿತು. ಅಲ್ಲಿಯ ವಿಮಾನಠಾಣ್ಯ ಮುಚ್ಚಿ ಬಹುಕಾಲವಾಗಿದೆ. ೧೯೪೦ನೆಯ ಆಗಸ್ಟ್ ೧೬ರಂದು ಜರ್ಮನ್ ಬಾಂಬರುಗಳು ಅದನ್ನು ಹುಡಿಗುಟ್ಟಿದುವು. ಅದೇ ದಿನ ಬಿಲ್ಲಿ ಫಿಸ್ಕ್ ಎಂಬ ಅಮೆರಿಕದ ತರುಣನು ಉರಿಯುವ ವಿಮಾನವನ್ನು ಬಿಟ್ಟು ಧುಮುಕದೆ ಈ ನೆಲದ ಮೇಲೆ ತಂದು ಇಳಿಸಿ ಮರುದಿನ ಅಸುನೀಗಿದನು. ಒಲಿಂಪಿಕ್ ಪಂದ್ಯಗಳಲ್ಲಿ ಎರಡು ಬಾರಿ ಚಿನ್ನ ಗೆದ್ದವನು ಅವನು. ತನ್ನ ದೇಶವು ಯುದ್ಧಕ್ಕೆ ಇಳಿಯುವ ಮೊದಲೇ ತಾನಾಗಿ ಬಂದವನು. ಹತ್ತಿರದ ಬಾಕ್ಸ್‌ಗ್ರೋವಿನಲ್ಲಿ ಅವನ ಗೋರಿಯಿದೆ.

ಟ್ಯಾಂಗ್ಮಿಯರಿನ ಹಳೆಯ ಇಗರ್ಜಿಯ ಅಂಗಳದಲ್ಲಿ ವಾಯುಪಡೆಯ ಗೋರಿಗಳು ಸಾಲಾಗಿ ಇರುವುವು. ಅವುಗಳ ಬಳಿಯಲ್ಲಿಯೇ, ಅದೇ ಹುಲ್ಲಿನ ಮೇಲೆ, ಜರ್ಮನ್ ವೈಮಾನಿಕರ ಗೋರಿಗಳೂ ಇರುವುವು. ಊರನ್ನು ಸುಡಲು ಬಂದವರನ್ನು ಊರವರು ತಮ್ಮ ಮಕ್ಕಳ ಮಗ್ಗುಲಲ್ಲಿ ಮಲಗಿಸಿದರು. ನಮ್ಮಾಕೆಯು ಬೇಲಿಯಂಚಿನಲ್ಲಿ ಅರಳಿದ್ದ ಬಿಳಿಯ ಕಾಡುಹೂಗಳನ್ನು ಆಯ್ದು ತಂದಳು. ಮೊದಲು ಇಂಗ್ಲಿಷ್ ಹೆಸರಿನ ಒಂದು ಗೋರಿಯ ಮೇಲೆ ಇಟ್ಟಳು; ಸ್ವಲ್ಪ ಹೊತ್ತು ನಿಂತಿದ್ದು, ಉಳಿದ ಹೂವನ್ನು ಜರ್ಮನ್ ಹೆಸರಿನ ಒಂದರ ಮೇಲೆ ಇಟ್ಟಳು. “ಇವನ ತಾಯಿ ಇದನ್ನು ಕಂಡಳೋ ಇಲ್ಲವೋ” ಎಂದಳು. ಅಷ್ಟೆ. ನಾನು ಹತ್ತಾರು ಪುಸ್ತಕ ಓದಿ ಹೇಳಲಾರದುದನ್ನು ಆಕೆ ಒಂದು ಹಿಡಿ ಹೂವಿನಲ್ಲಿ ಹೇಳಿದಳೆಂದು ತೋರಿತು.

ಮಧ್ಯಾಹ್ನ ಬುತ್ತಿಯ ಚಿತ್ರಾನ್ನವನ್ನು ಮರದ ನೆರಳಿನಲ್ಲಿ ಉಂಡು, ಈಶಾನ್ಯಕ್ಕೆ ಕೂಲ್‌ಹ್ಯಾಮ್ ಎಂಬ ಹಳ್ಳಿಯತ್ತ ಹೊರಟೆವು. ಮೈಸೂರು ದಳದ ಕಥೆಯಲ್ಲಿ ಮುಖ್ಯವಾದ ಅಧ್ಯಾಯ ನಡೆದುದು ಅಲ್ಲಿ. ವೆಸ್ಟ್‌ಹ್ಯಾಂಪ್ನೆಟ್ಟನ್ನು ಬಿಟ್ಟ ಮೇಲೆ ದಳವು ಅನೇಕ ಠಾಣ್ಯಗಳನ್ನು ಕಂಡಿತು. ೧೯೪೨ನೆಯ ಆಗಸ್ಟ್ ೧೯ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ, ಒಂದೇ ದಿನದಲ್ಲಿ ಬ್ರಿಟಿಷರ ನೂರಕ್ಕೂ ಹೆಚ್ಚು ವಿಮಾನಗಳನ್ನು ನುಂಗಿದ ಕಾಳಗದಲ್ಲಿ ಅದು ಪಾಲ್ಗೊಂಡಿತು. ೧೯೪೪ನೆಯ ಏಪ್ರಿಲಿನಲ್ಲಿ ಅದಕ್ಕೆ ಮಸ್ಟಾಂಗ್ ಎಂಬ ಹೊಸ ವಿಮಾನಗಳು ಬಂದುವು. ಅಮೆರಿಕದ ಒಡಲು, ಇಂಗ್ಲೆಂಡಿನವರು ರಚಿಸಿದ ಎಂಜಿನು. ಸ್ಪಿಟ್‌ಫೈರಿಗಿಂತ ಬಹುದೂರ ಹೋಗಬಲ್ಲುದು. ಅದಕ್ಕೆ ಮುಂಚೆ ಅಮೆರಿಕನ್ನರ ದೊಡ್ಡ ಬಾಂಬರುಗಳು ಕಾವಲಿಲ್ಲದೆ ಹಗಲಿನಲ್ಲಿ ಜರ್ಮನಿಯೊಳಕ್ಕೆ ಹೋಗಿ ಹತವಾಗುತ್ತಿದ್ದುವು. ೧೯೪೩ನೆಯ ಅಕ್ಟೋಬರ್ ೧೪ರಂದು ಷ್ವೈನ್‌ಫರ್ಟಿನ ಮೇಲೆ ಹೋದವುಗಳಲ್ಲಿ ಅರುವತ್ತು ಮರಳಿ ಬರಲಿಲ್ಲ. ಒಂದೊಂದರಲ್ಲಿ ಹತ್ತು ಜನ. ಬರ್ಲಿನ್ನಿನವರೆಗೂ ಜೊತೆಗೆ ಹೋಗಬಲ್ಲ ಮಸ್ಟಾಂಗುಗಳು ಬಂದ ಮೇಲೆ ಯೂರೋಪಿನ ಬಾನಿನ ಒಡೆತನ ಕೈಬದಲಾಯಿಸಿತು.

ಕೂಲ್‌ಹ್ಯಾಮಿನ ವಿಮಾನನೆಲೆಯ ಆಯುಸ್ಸು ಕೆಲವೇ ತಿಂಗಳು. ಫ್ರಾನ್ಸಿನ ದಂಡಯಾತ್ರೆಗಾಗಿ ಹೊಲಗಳನ್ನು ಸಮಮಾಡಿ, ಉಕ್ಕಿನ ಬಲೆ ಹಾಸಿ, ಗುಡಾರ ಹೂಡಿದರು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಹೊಲವನ್ನು ರೈತರಿಗೆ ಹಿಂದಿರುಗಿಸಿದರು. ನಾವು ಹೋದಾಗ ಅಲ್ಲಿ ಕಂಡುದು ಬೇಲಿಗಳು, ಓಕ್ ಮರಗಳು, ಹುಲ್ಲು ಮೇಯುವ ದನಗಳು. ಆದರೆ ೧೯೪೪ನೆಯ ಜೂನ್ ೬ರಂದು, ಮಿತ್ರರಾಷ್ಟ್ರಗಳ ಸೇನೆ ನಾರ್ಮಂಡಿಯ ಮರಳಿನ ಮೇಲೆ ಕಾಲಿಟ್ಟಾಗ, ಈ ಹುಲ್ಲಿನಿಂದ ಮೂರು ದಳಗಳು ಹಾರುತ್ತಿದ್ದುವು. ಒಂದು ಮೈಸೂರು ದಳ. ಉಳಿದೆರಡು ಪೋಲಿಷ್ ದಳಗಳು. ಮೂರಕ್ಕೂ ಒಡೆಯನು ಸ್ಟಾನಿಸ್ಲಾವ್ ಸ್ಕಾಲ್ಸ್ಕಿ ಎಂಬ ಪೋಲೆಂಡಿನ ವೀರ.

ಈ ಸ್ಕಾಲ್ಸ್ಕಿಯ ಕಥೆಯನ್ನು ವಾಚಕರು ಕೇಳಬೇಕು. ೧೯೩೯ರಲ್ಲಿ ತನ್ನ ದೇಶದ ಮೇಲೆ ಜರ್ಮನರು ಬಿದ್ದಾಗ ಮೊದಲ ದಿನದಿಂದಲೂ ಕಾದಾಡಿದನು. ದೇಶ ಹೋದ ಮೇಲೆ ಊರೂರು ಅಲೆದು ಇಂಗ್ಲೆಂಡಿಗೆ ಬಂದನು. ಆರು ವರ್ಷ ಹೋರಾಡಿ ಪೋಲಿಷ್ ವೈಮಾನಿಕರಲ್ಲಿ ಎಲ್ಲರಿಗಿಂತ ಹೆಚ್ಚು ವಿಮಾನಗಳನ್ನು ಕೆಡವಿದವನೆನಿಸಿದನು. ಯುದ್ಧ ಗೆದ್ದರು, ಆದರೆ ಅವನ ದೇಶವು ಅವನಿಗೆ ದಕ್ಕಲಿಲ್ಲ. ಪೋಲೆಂಡು ರಷ್ಯದ ಹಿಡಿತಕ್ಕೆ ಹೋಯಿತು. ೧೯೪೬ರಲ್ಲಿ ಲಂಡನ್ನಿನಲ್ಲಿ ನಡೆದ ವಿಜಯದ ಮೆರವಣಿಗೆಯಲ್ಲಿ ಪೋಲಿಷ್ ಸೈನಿಕರು ನಡೆಯಲಿಲ್ಲ. ೧೯೪೭ರಲ್ಲಿ ಸ್ಕಾಲ್ಸ್ಕಿ ತಾಯ್ನಾಡಿಗೆ ಮರಳಿದನು. ಮರುವರ್ಷ ಹೊಸ ಸರ್ಕಾರವು ಅವನನ್ನು ಗೂಢಚಾರನೆಂದು ಹಿಡಿದು ಮರಣದಂಡನೆ ವಿಧಿಸಿತು. ಶಿಕ್ಷೆ ಕಡಮೆಯಾಗಿ ೧೯೫೬ರಲ್ಲಿ ಸೆರೆಯಿಂದ ಹೊರಬಂದನು. ಜರ್ಮನರ ಗುಂಡಿಗೆ ಬಲಿಯಾಗದವನು ತನ್ನವರ ಸೆರೆಯಲ್ಲಿ ಎಂಟು ವರ್ಷ ಕಳೆದನು.

ಆ ಹುಲ್ಲಿನ ಅಂಚಿನಲ್ಲಿ ನಿಂತಿದ್ದಾಗ ನನಗೆ ನಮ್ಮ ಈಸೂರಿನ ನೆನಪಾಯಿತು. ನಮ್ಮ ಮನೆಯಿಂದ ಕೆಲವೇ ಮೈಲಿಗಳ ದೂರದ ಹಳ್ಳಿ. ೧೯೪೨ರಲ್ಲಿ ಅಲ್ಲಿಯ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಅವರ ಕೂಗನ್ನು ನನ್ನ ತಂದೆಯವರು ಬಾಲಕರಾಗಿದ್ದಾಗ ಕೇಳಿದ್ದರು. ಗಲಭೆಯಾಗಿ ಇಬ್ಬರು ಅಧಿಕಾರಿಗಳು ಸತ್ತರು. ೧೯೪೩ನೆಯ ಮಾರ್ಚಿಯಲ್ಲಿ ಮೈಸೂರು ಸರ್ಕಾರವು ಊರಿನ ಐವರನ್ನು ಗಲ್ಲಿಗೇರಿಸಿತು. ಅವರಿಗೆ ಶಿಕ್ಷೆ ವಿಧಿಸಿದ ರಾಜ್ಯದ ಮುದ್ರೆ ಗಂಡಭೇರುಂಡ. ಅದೇ ತಿಂಗಳು, ಇಂಗ್ಲೆಂಡಿನ ಬಾನಿನಲ್ಲಿ ಅದೇ ಗಂಡಭೇರುಂಡದ ಹೆಸರಿನಲ್ಲಿ ತರುಣರು ನ್ಯಾಯವನ್ನು ಕಾಪಾಡುವೆವೆಂದು ಹಾರುತ್ತಿದ್ದರು!

ಎರಡೂ ನಿಜ. ಇದನ್ನು ಹೇಗೆ ಅರಗಿಸಿಕೊಳ್ಳಬೇಕು? ಸಂಸ್ಥಾನದ ಹಣವೆಂದರೆ ಕೊನೆಗೆ ರಾಗಿ ಬೆಳೆದವನ ಕಂದಾಯವೇ ಅಲ್ಲವೆ? ಕೊಟ್ಟವರನ್ನು ಯಾರೂ ಕೇಳಲಿಲ್ಲ. ಹಾಗೆಂದು ಹಾರಿದವರ ಮೇಲೆ ಸಿಟ್ಟಾಗುವುದೂ ನನ್ನಿಂದಾಗಲಿಲ್ಲ. ಅವರಲ್ಲಿ ಹೆಚ್ಚಿನವರು ಮೈಸೂರನ್ನು ಕಣ್ಣಿನಿಂದ ಕಂಡವರಲ್ಲ. ಈಸೂರಿನ ಹೆಸರನ್ನು ಕೇಳಿದವರಲ್ಲ. ಅವರ ಎದುರಿಗಿದ್ದುದು ಹಿಟ್ಲರನ ಕ್ರೌರ್ಯ. ಅದು ಗೆದ್ದಿದ್ದರೆ ಯಾವ ಊರಿಗೂ, ಈಸೂರಿಗೂ, ಬಿಡುಗಡೆಯ ಮಾತೇ ಇರುತ್ತಿರಲಿಲ್ಲ.

ಅದೇ ಬೇಸಗೆಯಲ್ಲಿ ದಳವು ಕೆಂಟ್ ಸೀಮೆಯ ಬ್ರೆನ್ಜೆಟ್ಟಿಗೆ ಹೋಯಿತು. ಜೂನ್ ೧೩ರಿಂದ ಜರ್ಮನರು ವೈಮಾನಿಕರಿಲ್ಲದ ಹಾರುವ ಬಾಂಬುಗಳನ್ನು ಲಂಡನ್ನಿನ ಕಡೆಗೆ ಬಿಡತೊಡಗಿದ್ದರು. ಗಡಗಡನೆ ಸದ್ದು ಮಾಡುತ್ತ ಅವು ಬರುವುವು. ಸದ್ದು ನಿಂತಿತೆಂದರೆ ಕೆಳಗಿದ್ದವರ ಆಯುಸ್ಸು ಮುಗಿಯಿತು. ಬ್ರಿಟನ್ನಿನಲ್ಲಿ ಆರು ಸಾವಿರಕ್ಕೂ ಮಿಕ್ಕ ಜನರು ಹಾಗೆ ಸತ್ತರು. ಮಸ್ಟಾಂಗುಗಳು ಅವನ್ನು ಬೆನ್ನಟ್ಟಬಲ್ಲಷ್ಟು ವೇಗದವು. ಹತ್ತಿರದಿಂದ ಹೊಡೆದರೆ ಬಾಂಬು ಸಿಡಿದು ಹೊಡೆದವನನ್ನೇ ಕೊಲ್ಲುವುದು. ದೂರದಿಂದ ಹೊಡೆದರೆ ಗುರಿ ತಪ್ಪಿ ಯಾವುದೋ ಮನೆಯ ಮೇಲೆ ಬೀಳುವುದು. ಕೆಲವು ವೈಮಾನಿಕರು ಬಾಂಬಿನ ಪಕ್ಕಕ್ಕೇ ಹೋಗಿ, ತಮ್ಮ ರೆಕ್ಕೆಯ ತುದಿಯಿಂದ ಅದರ ರೆಕ್ಕೆಯನ್ನು ಎತ್ತಿ ಬುಡಮೇಲು ಮಾಡಿದುದೂ ಉಂಟು. ಮೈಸೂರೆಂಬ ಹೆಸರು ಲಂಡನ್ನಿನ ಬೀದಿಗಳಲ್ಲಿ ಮಲಗಿದ್ದ ಮಕ್ಕಳಿಗೂ ಆ ಸಾವಿಗೂ ನಡುವೆ ನಿಂತಿತೆಂದು ತಿಳಿದಾಗ ನನ್ನ ಮನಸ್ಸಿನ ಗಂಟು ಸ್ವಲ್ಪ ಸಡಲಿತು.

ಯುದ್ಧ ಮುಗಿದ ಮೇಲೆ ದಳವು ಕೆಲವು ತಿಂಗಳು ನಾರ್ವೆಯಲ್ಲಿದ್ದು ಹಿಂತಿರುಗಿತು. ೧೯೪೬ನೆಯ ಸೆಪ್ಟೆಂಬರ್ ೧ರಂದು ಅದಕ್ಕೆ ಬೇರೊಂದು ಸಂಖ್ಯೆ ಕೊಟ್ಟರು. ಮೈಸೂರು ದಳ ಅಲ್ಲಿಗೆ ಮುಗಿಯಿತು. ಇನ್ನು ಒಂದು ವರ್ಷ ತುಂಬುವುದರೊಳಗೆ ಭಾರತವೇ ಸ್ವತಂತ್ರವಾಯಿತು.

ಒಂದು ವಾರದ ತರುವಾಯ ಲಂಡನ್ನಿಗೆ ಹೋಗುವ ದಾರಿಯಲ್ಲಿ ರನ್ನಿಮೀಡಿನ ಸ್ಮಾರಕವನ್ನು ಕಂಡೆವು. ೧೨೧೫ರಲ್ಲಿ ಇಂಗ್ಲೆಂಡಿನ ದೊರೆಯು ಪ್ರಜೆಗಳ ಹಕ್ಕಿನ ಶಾಸನಕ್ಕೆ ಮುದ್ರೆಯೊತ್ತಿದ ಹುಲ್ಲುಗಾವಲು ಥೇಮ್ಸ್ ನದಿಯ ದಡದಲ್ಲಿದೆ. ಅದರ ಮೇಲಣ ಗುಡ್ಡದ ನೆತ್ತಿಯಲ್ಲಿ ೧೯೫೩ರಲ್ಲಿ ಕಟ್ಟಿ ಮುಗಿಸಿದ ಬಿಳಿಯ ಕಲ್ಲಿನ ಮಂಟಪ. ಬ್ರಿಟನ್ನಿನಿಂದಲೂ ಪಶ್ಚಿಮ ಯೂರೋಪಿನಿಂದಲೂ ಹಾರಿಹೋಗಿ, ಗೋರಿಯೂ ಇಲ್ಲದೆ ಕಣ್ಮರೆಯಾದ ವಾಯುಪಡೆಯವರ ಹೆಸರುಗಳು ಅಲ್ಲಿ ಇರುವುವು. ಇಪ್ಪತ್ತು ಸಾವಿರಕ್ಕೂ ಹೆಚ್ಚು. ಕೈಸಾಲೆಯ ಕಿರಿದಾದ ಕಿಟಕಿಗಳ ಇಕ್ಕೆಲದ ಕಲ್ಲಿನಲ್ಲಿ ಅವನ್ನು ಕೆತ್ತಿರುವರು. ತೆರೆದಿಟ್ಟ ಪುಸ್ತಕದ ಹಾಳೆಗಳ ನಡುವೆ ಬೆಳಕು ಬಂದಂತೆ ಕಾಣುವುದು.

ಮೈಸೂರು ದಳದವರನ್ನು ಹುಡುಕಿಯೇ ತೀರುವೆನೆಂದು ಮೊಮ್ಮಗನು ಹೊರಟನು. ಆದರೆ ಹೆಸರುಗಳನ್ನು ವರ್ಷದ ಮೇಲೆ, ಪದವಿಯ ಮೇಲೆ ಜೋಡಿಸಿರುವರು, ದಳದ ಹೆಸರಿಲ್ಲ. ಗಂಡಭೇರುಂಡವೂ ಇಲ್ಲ, ಬೇರೆ ಹಕ್ಕಿಯೂ ಇಲ್ಲ. ನಮ್ಮವರು ಯಾರು, ಇತರರು ಯಾರು? ಆ ಗೋಡೆಯ ಮುಂದೆ ಎಲ್ಲರೂ ಒಂದೇ. ಹುಡುಗನು ಮುಖ ಬಾಡಿಸಿಕೊಂಡು ಬಂದು ನಿಂತನು.

“ಇಲ್ಲಿ ಬಾ, ಪುಟ್ಟಾ” ಎಂದು ನಮ್ಮಾಕೆ ಕರೆದಳು. ಒಂದು ಗೋಡೆಯ ಮೇಲೆ ಆಕೆ ಬೆರಳಿಟ್ಟಿದ್ದಳು. ಇನಾಯತ್ ಖಾನ್. ನೂರ್ ಇನಾಯತ್ ಖಾನ್ ನಮ್ಮ ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು. ಮಾಸ್ಕೋವಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದವಳು. ಮಕ್ಕಳ ಕಥೆಗಳನ್ನು ಬರೆಯುತ್ತಿದ್ದವಳು. ೧೯೪೦ರಲ್ಲಿ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗವನ್ನು ಸೇರಿದಳು. ೧೯೪೩ನೆಯ ಜೂನಿನಲ್ಲಿ ರಾತ್ರಿಯ ವಿಮಾನದಲ್ಲಿ ಫ್ರಾನ್ಸಿಗೆ ಇಳಿದು, ಪ್ಯಾರಿಸ್ಸಿನಲ್ಲಿ ಅಡಗಿ ತಂತಿಯಿಲ್ಲದ ತಂತಿವಾರ್ತೆ ಕಳುಹಿಸುತ್ತಿದ್ದಳು. ಹಿಡಿಯಲ್ಪಟ್ಟ ಮೇಲೆ ಸಂಗಾತಿಗಳ ಗುಟ್ಟನ್ನು ಬಿಡಲಿಲ್ಲ. ೧೯೪೪ನೆಯ ಸೆಪ್ಟೆಂಬರಿನಲ್ಲಿ ಡಾಖಾವು ಯಾತನಾಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು. ಬ್ರಿಟಿಷರೊಡನೆ ಹೋರಾಡಿ ಮಡಿದ ಟಿಪ್ಪುವಿನ ಕುಡಿಯು ಬ್ರಿಟಿಷರ ಸಮವಸ್ತ್ರದಲ್ಲಿ ಹೋಗಿ ಮಡಿದಳು. ಭಾರತದ ಸ್ವಾತಂತ್ರ್ಯವನ್ನೂ ಅವಳು ಬಯಸಿದ್ದಳು. ಎರಡು ತಲೆ, ಒಂದು ಒಡಲು ಎಂಬ ನಮ್ಮ ಹಕ್ಕಿಯ ಅರ್ಥ ನನಗೆ ಅಂದು ಆ ಗೋಡೆಯ ಮುಂದೆ ಸ್ವಲ್ಪ ಹೊಳೆಯಿತು. ಒ೦ದು ಮುಖ ಒಂದು ಕಡೆಯ ಅನ್ಯಾಯವನ್ನು ನೋಡುತ್ತಿದ್ದರೆ ಇನ್ನೊಂದು ಮುಖ ಇನ್ನೊಂದು ಕಡೆಯದನ್ನು ನೋಡಬಹುದು. ಒಂದನ್ನು ಕಂಡೆನೆಂದು ಇನ್ನೊಂದಕ್ಕೆ ಕಣ್ಣು ಮುಚ್ಚಬೇಕಾಗಿಲ್ಲ.

ಮೊಮ್ಮಗನಿಗೆ ಈಸೂರಿನ ಕಥೆಯನ್ನೂ ಅಂದು ಹೇಳಿದೆನು. ಐದು ಹೆಸರುಗಳನ್ನು ಕೇಳಿ, ಬೆರಳು ಮಡಿಚಿ ಲೆಕ್ಕ ಹಾಕಿಕೊಂಡನು. “ಅವರ ಗೋಡೆ ಎಲ್ಲಿದೆ, ಅಜ್ಜಾ?” ಎಂದನು. ಬರುವ ರಜೆಯಲ್ಲಿ ಊರಿಗೆ ಬಂದಾಗ ಈಸೂರಿಗೂ, ಬಳ್ಳಿಗಾವೆಯ ಕಂಬದ ಬಳಿಗೂ ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟೆನು.

ಗೋಪುರದ ಮೇಲೇರಿ ನೋಡಿದೆವು. ಕೆಳಗೆ ಥೇಮ್ಸ್ ನದಿ ಬೆಳ್ಳಿಯ ಪಟ್ಟಿಯಂತೆ ಹೊಳೆಯುತ್ತಿದ್ದಿತು. ಹೀಥ್ರೋ ನಿಲ್ದಾಣದಿಂದ ಎದ್ದ ಒಂದು ದೊಡ್ಡ ವಿಮಾನವು ತಲೆಯ ಮೇಲೆ ಹಾದುಹೋಯಿತು. ಅದರೊಳಗಿದ್ದ ನೂರಾರು ಜನರು ಊಟ ಮಾಡುತ್ತಲೋ ನಿದ್ದೆ ಹೋಗುತ್ತಲೋ ತಮ್ಮ ತಮ್ಮ ಮನೆಗಳಿಗೆ ಹೊರಟಿದ್ದರು. ಇನ್ನು ಹದಿನೈದು ದಿನಗಳಲ್ಲಿ ನಾವೂ ಅದೇ ಬಾನಿನಲ್ಲಿ ಹಾಗೆಯೇ ಹೋಗುವವರು. ನಮ್ಮಾಕೆಯು ಕೈಯೆತ್ತಿ, ಊರಿಗೆ ಹೊರಟ ನೆಂಟರನ್ನು ಬೀಳ್ಕೊಡುವಂತೆ, ಆ ವಿಮಾನಕ್ಕೆ ಕೈಬೀಸಿದಳು.